ಹರಕೆಯಿಲ್ಲದ ಮುಡಿ

ದೋಣಿಗಲ್‌ನ ಪುನಶ್ಚೇತನ ಕೇಂದ್ರದಲ್ಲಿ ಸೂರ್ಯನಿಗಿಂತ ಮೊದಲೇ ಎದ್ದು ಕೂರುವ ಭಾಗ್ಯ ರೋಗಿಗಳದ್ದು. ರಾತ್ರಿ ಪಾಳಿ ಮುಗಿಯುವುದರೊಳಗೆ ಎಲ್ಲರನ್ನೂ ತೊಳೆದು, ಒರೆಸಿ, ತಲೆ ಬಾಚಿ ಹಗಲು ಪಾಳಿಗೆ ಒಪ್ಪಿಸಬೇಕೆಂದು ಹೆಡ್ ಸಿಸ್ಟರ್ ಸುಚಿತ್ರಾಳ ಕಟ್ಟಪ್ಪಣೆ. ಎಸ್ಟೇಟುಗಳಲ್ಲಿ ಕಾಫಿ ಹಣ್ಣನ್ನು ಕೂಡ ಇದಕ್ಕಿಂತ ಸಮಾಧಾನವಾಗಿ ತೊಳೆಯುತ್ತಾರೆ.

ಯಸಳೂರಿನ ಲಿಂಗಮ್ಮನಿಗೆ ಲಕ್ವ ಹೊಡೆದು ಬಲಗೈ ಸೋತಿತ್ತು. ಅವಳಿಗೆ ಬೇಕಾಗಿದ್ದು ಒಂದೇ. ಸೊಂಟ ಮುಟ್ಟುವ ತನ್ನ ಕೂದಲನ್ನು ತಾನೇ ಹೆಣೆದುಕೊಂಡು, ಹೂ ಮುಡಿದು, ಗಂಡ ಬಸವಯ್ಯನ ಜೊತೆ ಮನೆಗೆ ಹೋಗಬೇಕು. ಆದರೆ ಬೆಳಿಗ್ಗೆ ಅವಳು ಬಾಚಣಿಗೆಗೆ ಕೈ ಚಾಚುತ್ತಲೇ ಸುಚಿತ್ರಾ ಕಿತ್ತುಕೊಳ್ಳುತ್ತಿದ್ದಳು.

"ನೀವು ಹೆಣೆಯೋ ಹೊತ್ತಿಗೆ ಮಧ್ಯಾಹ್ನ ಆಗ್ಬುಡ್ತದೆ, ಬಿಡಿ ಅಮ್ಮ."

ಹೀಗೆ ತನ್ನ ಜಡೆ ಮುಟ್ಟಬಾರದೆಂದು ಕಲಿತ ಲಿಂಗಮ್ಮನಿಗೆ ಹನ್ನೊಂದು ಗಂಟೆಗೆ ಜಡೆ ಹೆಣೆಯುವ ಪಾಠ. ಥೆರಪಿಸ್ಟ್ ಬಿಂದುಶ್ರೀ ಕುರ್ಚಿಯ ಬೆನ್ನಿಗೆ ಮೂರೆಳೆ ಸೆಣಬು ಕಟ್ಟಿ, "ಇದು ನಿಮ್ಮದೇ ಕೂದಲು ಅಂದ್ಕೊಳ್ಳಿ" ಎನ್ನುತ್ತಿದ್ದಳು.

"ನಂದು ಬೆನ್ನ ಮೇಲೇ ಐತಲ್ಲವ್ವ. ಬೆಳಗ್ಗೆ ಬಾ, ಅದನ್ನೇ ಹೆಣೀತೀನಿ."

"ಆಗ ನನ್ನ ಡ್ಯೂಟಿ ಇರಲ್ಲಮ್ಮ."

ಹನ್ನೊಂದಕ್ಕೆ ಸುಚಿತ್ರಾಳ ಡ್ಯೂಟಿಯೂ ಇರುತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡು ಹೊತ್ತೂ ತಪ್ಪದೆ ಡ್ಯೂಟಿಯಲ್ಲಿದ್ದದ್ದು ಲಿಂಗಮ್ಮನ ತಲೆ ಮಾತ್ರ.

ಬೆಳಗಿನ ಕೆಲಸಕ್ಕೂ ಥೆರಪಿಗೂ ಹೊಂದಾಣಿಕೆ ತರಲು ಕೊನೆಗೊಂದು ಮೀಟಿಂಗ್ ನಡೆಯಿತು. ಬಿಸಿ ವಡೆ ಇತ್ತು, ಗಂಭೀರ ಚರ್ಚೆಯೂ ಇತ್ತು. ಬೆಳಿಗ್ಗೆ ತಡವಾಗುವುದೇ ಹೆಂಗಸರ ತಲೆ ಬಾಚುವುದರಿಂದ ಎಂದು ಪತ್ತೆಯಾಯಿತು. ನೆಗಡಿ ಬಂತೆಂದು ಮೂಗು ಕೊಯ್ದವರ ವಂಶ ನಮ್ಮಲ್ಲಿ ಇನ್ನೂ ನಿರ್ವಂಶವಾಗಿಲ್ಲ.

ಮರುದಿನ ಸುಚಿತ್ರಾ ಕತ್ತರಿ ಹಿಡಿದು ಬಂದಳು. ಲಿಂಗಮ್ಮ ಎಡಗೈಯಲ್ಲಿ ಕೂದಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಒಂದ್ ವಾರ ತಡಿಯವ್ವ, ಕೈ ಬರ್ತಾ ಐತೆ."

"ಮೀಟಿಂಗಲ್ಲಿ ತೀರ್ಮಾನ ಆಗೋಯ್ತು ಅಮ್ಮ. ತಲೆ ಹಗುರ ಆಗ್ತದೆ, ಬೇಗ ಒಣಗ್ತದೆ."

ತಲೆ ಬೇಗ ಒಣಗಿತು. ಕಣ್ಣು ಒಣಗಲಿಲ್ಲ. ಆ ಬೆಳಿಗ್ಗೆಯೆಲ್ಲ ಲಿಂಗಮ್ಮ ಗೋಡೆಗೆ ಮುಖ ಮಾಡಿ ಅತ್ತಳು.

ಹನ್ನೊಂದಕ್ಕೆ ಬಂದ ಬಿಂದುಶ್ರೀ ಅವಳ ಬೋಳು ಕುತ್ತಿಗೆ ನೋಡಿ "ಅಯ್ಯೋ" ಅಂದಳು. ಅಂದು, ಕಾರ್ಯಕ್ರಮ ಕಾರ್ಯಕ್ರಮವೇ ತಾನೇ, ಸೆಣಬು ಕಟ್ಟಿದಳು. ವಾರ ಕಳೆಯುವುದರೊಳಗೆ, ಲಿಂಗಮ್ಮ ಹೇಳಿದ್ದಂತೆಯೇ ಬಲಗೈ ಬಂತು. ಎಳೆಯ ಮೇಲೆ ಎಳೆ ಬಿದ್ದು ಚೆಂದದ ಜಡೆಯಾಯಿತು. ಬಿಂದುಶ್ರೀ ಚಪ್ಪಾಳೆ ತಟ್ಟಿ ಫೋಟೋ ತೆಗೆದಳು. ಬಂದವರೆಲ್ಲ ಕೇಂದ್ರದ ಸಾಧನೆ ನೋಡಲೆಂದು ಆ ಕುರ್ಚಿಯನ್ನು ಹಜಾರದಲ್ಲೇ ಇಟ್ಟರು.

ಭಾನುವಾರ ಹೆಂಡತಿಯನ್ನು ಕರೆದೊಯ್ಯಲು ಬಸವಯ್ಯ ಬಂದ. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಇತ್ತು. ಬಾಗಿಲಲ್ಲೇ ನಿಂತುಬಿಟ್ಟ.

"ಇದೇನೇ ಇದು! ಯಾವ ದೇವ್ರಿಗೆ ಮುಡಿ ಕೊಟ್ಟೆ?"

"ಟೈಮ್‌ಟೇಬಲ್ ದೇವ್ರಿಗೆ ಕಣ್ರೀ. ಹರಕೆ ಅವರದ್ದು, ತಲೆ ನಂದು."

ಲಿಂಗಮ್ಮ ಬಲಗೈ ಚಾಚಿ ಹೂವು ತೆಗೆದುಕೊಂಡಳು. ಹಜಾರದ ಕುರ್ಚಿಯ ಹತ್ತಿರ ಹೋಗಿ, ಆ ಸೆಣಬಿನ ಜಡೆಗೆ ಮಲ್ಲಿಗೆ ಮುಡಿಸಿ, ಗಂಡನ ಹಿಂದೆ ಹೊರಟಳು.