ಯಂಕಿ ಅಳುವುದೇ ಇಲ್ಲ

ಕಕ್ಕೇರಾದ ಆಚೆ, ಕೆನಾಲು ಬಾಗಿ ಹರಿಯುವ ಕಡೆ ಮಲಕಮ್ಮನ ಮನೆ. ಮಗ ಸೊಸೆ ಭತ್ತದ ನಾಟಿಗೆ ಹೋದರೆ ನಾಲ್ಕು ವರ್ಷದ ಮೊಮ್ಮಗಳು ಯಂಕಿ ಅಜ್ಜಿಯ ಪಾಲು. ಆ ಸೀಮೆಯಲ್ಲಿ ಅಜ್ಜಿಯೆಂದರೆ ಆಯಿ. ಓಣಿಯ ಮಕ್ಕಳೆಲ್ಲ ಸೂರು ಹಾರುವಂತೆ ಅತ್ತರೂ ಯಂಕಿಯ ಬಾಯಿಂದ ಸೊಲ್ಲಿಲ್ಲ. ಬಿದ್ದರೂ ಇಲ್ಲ, ಹಸಿದರೂ ಇಲ್ಲ. ಮಲಕಮ್ಮನಿಗೆ ಅದೇ ಹೆಮ್ಮೆ.

"ಕಲ್ಲಿನಂಗ ಗಟ್ಟಿ ಅದಾಳ ನಮ್ಮ ಕೂಸು. ನಿಮ್ಮವರಂಗ ರಾಗ ತೆಗಿಯಂಗಿಲ್ಲ" ಎಂದು ನೆರೆಯವರನ್ನು ಕೆಣಕುತ್ತಿದ್ದಳು.

ಒಂದು ದಿನ ಅಂಗನವಾಡಿಯ ಟೀಚರು ದೇವಕಮ್ಮ ಬಾಯಾರು ಯಂಕಿಯನ್ನು ಎತ್ತಿಕೊಂಡೇ ಬಂದರು. ಹುಡುಗಿಯ ಮೈ ಸುಡುತ್ತಿತ್ತು. ಪಾದ ಊದಿ ಕೀವು ತುಂಬಿತ್ತು.

"ಆಯಿ, ಜಾಲಿಮುಳ್ಳು ಮುರದು ಒಳಗ ಕುಂತದ. ಮೂರು ದಿನ ಆಗ್ಯಾದಂತ ಹುಡುಗೂರು ಅಂದ್ರು. ನಿಮಗ ಗೊತ್ತಿಲ್ಲೇನು?"

"ಅಯ್ಯ, ನನಗ ಹೇಳೇ ಇಲ್ಲಲ್ರೀ ಈಕಿ!"

ಆಸ್ಪತ್ರೆಯಲ್ಲಿ ಮುಳ್ಳು ತೆಗೆದರು, ಸೂಜಿ ಚುಚ್ಚಿದರು. ಇನ್ನೆರಡು ದಿನ ಬಿಟ್ಟಿದ್ದರೆ ಕಾಲಿಗೇ ಕುತ್ತು ಬರುತ್ತಿತ್ತು ಎಂದರು ಡಾಕ್ಟರು. ಯಂಕಿ ಹಲ್ಲು ಕಚ್ಚಿ ಮೇಲೆ ನೋಡುತ್ತಿದ್ದಳೇ ಹೊರತು ಅಳಲಿಲ್ಲ.

ಹೊರಗೆ ಬೇವಿನ ಕಟ್ಟೆಯ ಮೇಲೆ ದೇವಕಮ್ಮ ಮಗುವನ್ನು ತೊಡೆಗೆ ಕೂಡಿಸಿಕೊಂಡು ಮೆಲ್ಲಗೆ ಕೇಳಿದರು, "ಆಯಿಗೆ ಯಾಕ ಹೇಳಲಿಲ್ಲವ್ವ?"

"ಅತ್ತರ ಆಯಿ ನನ್ನ ಕೆನಾಲ್ದಾಗ ಒಗಿತಾಳ."

ಮಲಕಮ್ಮ ನಗಲು ಹೋದಳು, ನಗು ಬರಲಿಲ್ಲ. ಎಂದೋ ರೊಟ್ಟಿ ಬಡಿಯುವ ಅವಸರದಲ್ಲಿ ಅಂದ ಮಾತು. ತಾನಂತೂ ಅದನ್ನು ಅಂದೇ ಮರೆತಿದ್ದಳು. ಆದರೆ ಅಷ್ಟು ಸಣ್ಣ ಎದೆ ಅಷ್ಟು ದೊಡ್ಡ ಕೆನಾಲನ್ನು ಹಗಲಿರುಳು ಹೊತ್ತುಕೊಂಡು ತಿರುಗಿತ್ತು!

"ಹೆದರಸದಿದ್ರ ಮಕ್ಕಳು ಹದ್ದುಬಸ್ತಿನಾಗ ಇರ್ತಾವೇನ್ರಿ? ನಾನೂ ಹಂಗೇ ಬೆಳದೀನಿ" ಎಂದಳು, ದನಿ ತಗ್ಗಿಸಿ.

"ಮತ್ತ ಇವತ್ತಿನ ತನಕ ನಿಮ್ಮ ನೋವು ಯಾರ ಮುಂದಾದ್ರೂ ಹೇಳೀರೇನು, ಆಯಿ?"

ಮಲಕಮ್ಮ ತನ್ನ ಅರವತ್ತು ವರ್ಷಗಳನ್ನೆಲ್ಲ ತಡಕಾಡಿದರೂ ಒಂದು ಹೆಸರು ಸಿಗಲಿಲ್ಲ.

"ಸಣ್ಣಂದಿನ ಅಂಜಿಕಿ, ಸಿಟ್ಟು, ಅಳು ಒಳಗ ತುರುಕಿದ್ರ ಹೋಗಂಗಿಲ್ರಿ. ಕೂಸಿನ ಜೋಡಿ ಬೆಳದು ಅದರ ಸ್ವಭಾವನ ಆಗಿಬಿಡ್ತಾವ. ಕೇಳಿದ್ದೆಲ್ಲಾ ಕೊಡ್ರಿ ಅನ್ನಂಗಿಲ್ಲ. ತಪ್ಪು ಮಾಡಿದ್ರ ಬ್ಯಾಡ ಅನ್ರಿ. ಆದ್ರ ಅಳಾಕತ್ರ ಬಗಲಾಗ ಕುಂದ್ರಿಸ್ಕೊಂಡು ಏನಾತವ್ವ ಅಂತ ಕೇಳ್ರಿ. ತನ್ನ ಮಾತು ಕೇಳೋರದಾರ ಅಂತ ತಿಳದ ಕೂಸಿಗೆ ಧೈರ್ಯ ತಾನಾಗೇ ಬರ್ತದ" ಎಂದರು ದೇವಕಮ್ಮ.

ಮಲಕಮ್ಮ ಮೊಮ್ಮಗಳನ್ನು ಎದೆಗೆಳೆದುಕೊಂಡಳು. "ಒಗಿಯಂಗಿಲ್ಲವ್ವ. ಸುಳ್ಳು ಅಂದಿದ್ದೆ, ನಂದ ತಪ್ಪು. ಭಾಳ ನೋಯ್ತದೇನು?"

ಯಂಕಿ ನಂಬದೆ ಅಜ್ಜಿಯ ಮುಖ ನೋಡಿದಳು. ತುಟಿ ಅದುರಿತು. ಆಮೇಲೆ ಬೇವಿನ ಮರದ ಕಾಗೆಗಳೆಲ್ಲ ಎದ್ದು ಹಾರುವಂತೆ ಅತ್ತಳು. ಇಷ್ಟೊಂದು ಅಳು ಈ ಕೂಸಿನೊಳಗೆ ಎಲ್ಲಿತ್ತು ಎಂದು ಮಲಕಮ್ಮ ಬೆರಗಾಗಿ ಆ ಪುಟ್ಟ ಬೆನ್ನು ಸವರುತ್ತ ಕುಳಿತಳು.

ಸುದ್ದಿ ತಿಳಿದು ಕೆಸರುಗಾಲಲ್ಲೇ ಓಡಿಬಂದ ಮಗ ಅಂಬ್ರಪ್ಪ ಗಾಬರಿಯಾದ. "ಯವ್ವಾ, ಅಳಾಕತ್ಯಾಳ, ಬಾಯಿ ಮುಚ್ಚಸು!"

"ನೀ ಮುಚ್ಚೋ ನಿನ್ನ ಬಾಯಿ! ನನ್ನ ಮೊಮ್ಮಗಳು ಮಾತಾಡಾಕತ್ಯಾಳ."

ಅಕ್ಕಂದಿರೇ, ಅಣ್ಣಂದಿರೇ, ಗುಮ್ಮ, ಪೊಲೀಸ, ಸೂಜಿ, ಕೆನಾಲು ಎಂದು ಮಕ್ಕಳನ್ನು ಹೆದರಿಸಬೇಡಿ. ಗಂಡುಹುಡುಗ ಅತ್ತರೆ ಗೇಲಿ ಮಾಡಬೇಡಿ. ಮಗು ಸದಾ ಸುಮ್ಮನಿದ್ದರೆ ಹಿಗ್ಗುವ ಮೊದಲು ಅಂಗನವಾಡಿ ಬಾಯಾರನ್ನೊಮ್ಮೆ ಕಾಣಿ. ಇವತ್ತೇ ಹೊತ್ತು ಮುಳುಗುವಾಗ ಕೈಯೊಳಗಿನ ಕೆಲಸ ಕೆಳಗಿಟ್ಟು ನಿಮ್ಮ ಕೂಸಿನ ಪಕ್ಕ ಕುಳಿತುಕೊಳ್ಳಿ. "ಇವತ್ತು ಯಾವುದಕ್ಕ ಅಂಜಿಕಿ ಬಂತವ್ವ?" ಎಂದು ಕೇಳಿ. ಹೇಳಿ ಮುಗಿಸುವ ತನಕ ಏಳಬೇಡಿ.