ದೊಡ್ಡವರು ಬಂದಿದ್ದಾರೆ

ಕೊಡಗಿನ ತಿತಿಮತಿ ಕಡೆಯವರಿಗೆ ಆನೆ ಹೊಸದಲ್ಲ. ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ಕಿಟಕಿಯಿಂದ ಅಂಗಳ ನೋಡುವುದು ಅಲ್ಲಿ ಎಲ್ಲರಿಗೂ ರೂಢಿ. ಆದರೆ ಆನೆ ಎಲ್ಲಿದೆ ಎಂದು ಒಬ್ಬರಿಗೆ ತಿಳಿದರೆ ಸಾಲದು, ಆ ದಾರಿಯಲ್ಲಿ ಹೋಗುವವರಿಗೆ ತಿಳಿಯಬೇಕು. ಆ ಕೆಲಸ ನಮ್ಮ ಸಂಘದ್ದು ಎಂದು ಮಹಿಳಾ ಸಂಘದ ಅಧ್ಯಕ್ಷೆ ಪೂವಮ್ಮ ಸಭೆಯಲ್ಲಿ ಎದ್ದು ನಿಂತು ಒಪ್ಪಿಕೊಂಡಿದ್ದಳು.

ಒಪ್ಪಿಕೊಳ್ಳಲು ಅವಳಿಗೆ ಧೈರ್ಯವೂ ಇತ್ತು. ಸಂಘಕ್ಕೆ ದೊಡ್ಡದೊಂದು ವಾಟ್ಸಾಪ್ ಗ್ರೂಪ್ ಇತ್ತು, ಫೇಸ್‌ಬುಕ್ ಪುಟವಿತ್ತು. ಜೇನು, ಕರಿಮೆಣಸಿನ ಫೋಟೋ ಹಾಕಿದರೆ ಮೈಸೂರಿನಿಂದ ಆರ್ಡರ್ ಬರುತ್ತಿತ್ತು. ಜೇನು ಮಾರಿಕೊಟ್ಟ ಪುಟ ಆನೆಯ ಸುದ್ದಿಯನ್ನೂ ಮುಟ್ಟಿಸುತ್ತದೆ ಎಂದು ಪಾಪ, ಅವಳು ನಂಬಿದ್ದಳು.

ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ವಿನುತಾಗೆ ಮಾತ್ರ ಅನುಮಾನ. ಸೋಮವಾರಪೇಟೆ ಕಡೆಯ ಹುಡುಗಿ, ಅನಿಸಿದ್ದನ್ನು ನುಂಗಿಕೊಳ್ಳುವ ಜಾತಿಯಲ್ಲ.

"ಪೂವಕ್ಕ, ಗ್ರೂಪಲ್ಲಿ ದಿನಾ ಬೆಳಗ್ಗೆ ಹೂವಿನ ಚಿತ್ರ, ಹುಟ್ಟಿದಹಬ್ಬ, ಬರೀ ಇದೇ ಆಯ್ತು. ಅರ್ಧ ಜನ ಸದ್ದು ಬಂದ್ ಮಾಡಿ ಇಟ್ಟವ್ರೆ. ಸಿದ್ದಮ್ಮನ ಹತ್ರ ಇರೋದು ಬಟನ್ ಫೋನು. ಅವ್ರಿಗೆ ಹೆಂಗೆ ಗೊತ್ತಾಗುತ್ತೆ?"

"ಯಾರಾದ್ರೂ ಹೇಳ್ತಾರೆ ಬಿಡು," ಎಂದು ಪೂವಮ್ಮ ಮಾತು ತೇಲಿಸಿದಳು.

ಸಿದ್ದಮ್ಮ ಪಕ್ಕದ ಎಸ್ಟೇಟಿನ ಲೈನ್‌ಮನೆಯವಳು, ತೋಟದ ಕೆಲಸದವರ ಸಾಲುಮನೆಯಲ್ಲಿ ಇರುವವಳು. ಪೂವಮ್ಮ ಮದುವೆಯಾಗಿ ಈ ಊರಿಗೆ ಬಂದಾಗ ಮೊದಲು ಮಾತಾಡಿಸಿದವಳು ಅವಳೇ. ಅಂದಿನಿಂದ ಪೂವಮ್ಮನ ಮನೆಯಲ್ಲಿ ಮೀನು ಸಾರಾದರೆ ಒಂದು ಪಾಲು ಲೈನಿಗೆ, ಅಲ್ಲಿ ಬಿದಿರಿನ ಕಳಲೆ ಸಿಕ್ಕರೆ ಒಂದು ಪಾಲು ಇಲ್ಲಿಗೆ.

ಪೂವಮ್ಮನಿಗೆ ಇನ್ನೊಂದು ಅಭ್ಯಾಸವಿತ್ತು. ಅವಳ ಅತ್ತೆ ಆನೆಯನ್ನು ಹೆಸರು ಹಿಡಿದು ಕರೆಯಲು ಬಿಡುತ್ತಿರಲಿಲ್ಲ. ಹೆಸರೆತ್ತಿದರೆ ಬಾ ಎಂದು ಕರೆದ ಹಾಗೆ, ಅದಕ್ಕೇ "ದೊಡ್ಡವರು" ಅನ್ನಬೇಕು. ಅತ್ತೆ ತೀರಿಹೋದರೂ ಆ ಮಾತು ಸೊಸೆಯ ಬಾಯಲ್ಲಿ ಉಳಿದಿತ್ತು.

ಕಾಫಿ ಕೊಯ್ಲಿನ ಒಂದು ಬೆಳಗ್ಗೆ ಪೂವಮ್ಮನ ಬೇಲಿ ಮುರಿದುಕೊಂಡು ಒಂಟಿ ಸಲಗ ಲೈನ್ ದಾರಿಗೆ ಇಳಿಯಿತು. ಅವಳು ಕೂಡಲೇ "ದೊಡ್ಡವರು ಲೈನ್ ಕಡೆ ಬಂದಿದ್ದಾರೆ" ಎಂದು ಗ್ರೂಪಿಗೂ ಪುಟಕ್ಕೂ ಬರೆದು ಹಾಕಿದಳು. ಟಕಟಕ ಲೈಕ್ ಬಿದ್ದವು. ಬೆಂಗಳೂರಿನಿಂದ ಯಾರೋ ಕೈ ಮುಗಿದರು. ಕೆಲಸ ಮುಗಿಯಿತು ಎಂದು ಪೂವಮ್ಮ ನಿಟ್ಟುಸಿರು ಬಿಟ್ಟಳು.

ಲೈನಿನಲ್ಲಿ ಅದನ್ನು ನೋಡಿದವಳು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ನ ಹೆಂಡತಿ ಪ್ರಿಯಾ ಒಬ್ಬಳೇ, ಅದೂ ಹೊತ್ತಾದ ಮೇಲೆ. ಊರಿಗೆ ಹೊಸಬಳಾದ ಅವಳು, ಬರೆದವರು ಯಾರೆಂದೂ ಹೇಳದೆ, ಓದಿದ್ದನ್ನು ಹಾಗೇ ಕೂಗಿ ಹೇಳಿದಳು. ಲೈನಿನವರ ಬಾಯಲ್ಲಿ ದೊಡ್ಡವರು ಎಂದರೆ ತೋಟದ ಸಾಹುಕಾರರು. ಮಳೆಗಾಲದಿಂದ ಸೋರುತ್ತಿದ್ದ ಮನೆಯ ಮಾಡಿನ ವಿಷಯ ಹೇಳಲು ಸಿದ್ದಮ್ಮ ಅವರಿಗಾಗಿ ಕಾಯುತ್ತಿದ್ದಳು. ತಲೆ ಬಾಚಿ, ಒಗೆದ ಸೀರೆ ಉಟ್ಟು, ದಾರಿಗೆ ಹೊರಟಳು.

ಸಲಗ ತಿರುವಿನಲ್ಲೇ ನಿಂತಿತ್ತು. ಸಿದ್ದಮ್ಮ ಚಪ್ಪಲಿ ಬಿಟ್ಟು ಓಡಿದಳು, ಬಿದ್ದಳು, ತೆವಳಿಕೊಂಡು ದಾರಿಯಡಿಯ ಮೋರಿಯೊಳಗೆ ಸೇರಿದಳು. ಆನೆ ತಲೆಯ ಮೇಲೆಯೇ ದಾಟಿ ಹೋಯಿತು.

ಸುದ್ದಿ ಕೇಳಿ ಪೂವಮ್ಮ ಕಾಲಿಗೆ ಚಪ್ಪಲಿಯೂ ಇಲ್ಲದೆ ಓಡಿ ಬಂದಳು. ಸಿದ್ದಮ್ಮ ತರಚಿದ ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡು ಕೂತಿದ್ದಳು.

"ನಿನ್ನ ದೊಡ್ಡವರಿಗೆ ಕೈ ಮುಗಿಯೋಕೆ ಹೋಗಿದ್ದೆ ಪೂವಕ್ಕ. ಮಾಡು ಸೋರ್ತದೆ ಅಂತ ಹೇಳೋಕೆ ಟೈಮೇ ಸಿಗ್ಲಿಲ್ಲ."

ಪೂವಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಅಳುವೇ ಗೆದ್ದಿತು. ಅಷ್ಟು ಜನ ಲೈಕ್ ಒತ್ತಿದ ಮಾತು ಈ ಒಬ್ಬಳಿಗೆ ಮುಟ್ಟಿರಲಿಲ್ಲ. ಮುಟ್ಟಿದಾಗ ತಲೆಕೆಳಗಾಗಿತ್ತು.

ಅದೇ ವಾರ ಸಭೆ ಕರೆದು, ಎಲ್ಲರೆದುರು ವಿನುತಾಳ ಕೈ ಹಿಡಿದು ಕೇಳಿದಳು: "ಈಗ ಹೇಳು ಮಗ, ಏನು ಮಾಡ್ಬೇಕು?"

"ಮೊದ್ಲು ಆ್ಯಪ್ ನೋಡ್ಬೇಡಿ ಅಕ್ಕ, ಜನ ನೋಡಿ. ಯಾರಿಗೆ ಮುಟ್ಬೇಕು, ಅವ್ರ ಕೈಲಿ ಎಂಥ ಫೋನಿದೆ, ಓದೋಕೆ ಬರುತ್ತಾ, ಎಷ್ಟು ಬೇಗ ತಿಳೀಬೇಕು."

ಹೀಗೆ ಕೇಳಿಕೊಂಡಾಗ ದಾರಿ ತಾನಾಗಿ ಕಂಡಿತು. ಜೇನು, ಮೆಣಸು ಮಾರಲು ಫೇಸ್‌ಬುಕ್ ಪುಟವೇ ಸರಿ, ಅದು ಇರಲಿ. ಹಬ್ಬ, ಹರಟೆಗೆ ಹಳೆಯ ಗ್ರೂಪ್ ಇರಲಿ. ಆನೆಗೆ ಮಾತ್ರ ಬೇರೆ ಗ್ರೂಪ್. ಅಲ್ಲಿ ಗೊತ್ತು ಮಾಡಿದ ಕೆಲವರಷ್ಟೇ ಸುದ್ದಿ ಹಾಕಬೇಕು. ಓದಲು ಬಾರದವರೂ ಕೇಳಿಸಿಕೊಳ್ಳುವಂತೆ ಬರೆಯದೆ ಬಾಯಲ್ಲಿ ಹೇಳಿ ಕಳಿಸಬೇಕು. ಬಟನ್ ಫೋನಿನವರಿಗೆ ನೇರ ಕರೆ. ಕರೆ ಬಂದವರು ಅಕ್ಕಪಕ್ಕದವರಿಗೆ ತಿಳಿಸಬೇಕು, ತಮಿಳು ಮಾತಾಡುವ ಮನೆಗೆ ತಮಿಳಿನಲ್ಲೇ. "ಕೇಳಿಸ್ತು" ಎಂಬ ಉತ್ತರ ಬರುವ ತನಕ ಸುದ್ದಿ ಮುಟ್ಟಿಲ್ಲ ಎಂದೇ ಲೆಕ್ಕ.

"ಮತ್ತೆ ಅಕ್ಕ," ವಿನುತಾ ಮೆಲ್ಲಗೆ ಹೇಳಿದಳು, "ಆನೆನ ಆನೆ ಅಂತಾನೇ ಹೇಳ್ಬೇಕು."

ಅತ್ತೆಯ ಮಾತು ಮೀರುವುದು ಪೂವಮ್ಮನಿಗೆ ಸುಲಭವಿರಲಿಲ್ಲ. ಸಭೆಗೆ ಬಂದಿದ್ದ ಸಿದ್ದಮ್ಮನ ಮೊಣಕಾಲಿನ ಕಡೆ ನೋಡಿ ತಲೆಯಾಡಿಸಿದಳು.

ಕೊಯ್ಲು ಮುಗಿಯುವ ಮುಂಚೆ ಸಲಗ ಮತ್ತೆ ಬಂತು. ಪೂವಮ್ಮ ಕಿಟಕಿಯಲ್ಲೇ ಅದಕ್ಕೊಮ್ಮೆ ಕೈ ಮುಗಿದು, ತಪ್ಪಾಯ್ತು ಸ್ವಾಮಿ ಎಂದಳು. ಮೊದಲ ಕರೆ ಸಿದ್ದಮ್ಮನಿಗೆ.

"ಸಿದ್ದಮ್ಮ, ಆನೆ. ಮೋರಿ ಹತ್ರ ಇದೆ. ಯಾರೂ ಹೊರಗೆ ಬರ್ಬೇಡಿ."

"ಕೇಳಿಸ್ತು ಪೂವಕ್ಕ. ನಮ್ಮ ಸಾಲಿಗೆ ನಾನು ಹೇಳ್ತೀನಿ." ಒಂದು ಗಳಿಗೆ ಬಿಟ್ಟು ಕೇಳಿದಳು, "ಆನೆನೇ ತಾನೆ? ಸೀರೆ ಬದಲಾಯಿಸೋದು ಬೇಡ್ವಾ?"

ಅಮ್ಮಂದಿರೇ, ಅಕ್ಕತಂಗಿಯರೇ, ಅಣ್ಣಂದಿರೇ, ನಿಮ್ಮ ಸಂಘಕ್ಕೂ ಗ್ರೂಪ್ ಇರಬಹುದು, ಪುಟ ಇರಬಹುದು. ಇರಲಿ, ಸಂತೋಷ. ಆದರೆ ಎಲ್ಲ ಸುದ್ದಿಗೂ ಒಂದೇ ದಾರಿ ಸಾಲದು. ಆನೆಯಾಗಲಿ, ಲಸಿಕೆಯ ದಿನವಾಗಲಿ, ನೀರು ಬಿಡುವ ಹೊತ್ತಾಗಲಿ, ಕೇಳಬೇಕಾದವರ ಕೈಯಲ್ಲಿರುವ ಫೋನ್ ನೋಡಿ ದಾರಿ ಆರಿಸಿ, ಅವರಿಗೆ ತಿಳಿಯುವ ಮಾತಲ್ಲಿ ಹೇಳಿ. ನಿಮ್ಮೂರಿನ ಸಿದ್ದಮ್ಮ ಯಾರೆಂದು ನಿಮಗೆ ಗೊತ್ತು. ಈ ಹಾಳೆ ಮಡಚಿಡುವ ಮುಂಚೆ ಅವರಿಗೊಂದು ಫೋನ್ ಮಾಡಿ, ಕಳೆದ ಸಲದ ಸುದ್ದಿ ಮುಟ್ಟಿತ್ತೇ ಎಂದು ಕೇಳಿ.