ಹೊಳೆಯುವ ಮಗ್ಗಲು

ಮಾಘ ಮುಗಿಯುತ್ತ ಬಂದಿತ್ತು. ನರೇಗಲ್ಲಿನ ಹೊಲಗಳಲ್ಲಿ ಕಡಲೆ ಕಿತ್ತು ಒಟ್ಟುತ್ತಿದ್ದರು. ಹೊಸ ಜೋಳ ಬಂದದ್ದರಿಂದ ಯಮನೂರಪ್ಪನ ಹಿಟ್ಟಿನ ಗಿರಣಿಯ ಮುಂದೆ ಬೆಳಗಿನಿಂದಲೇ ಡಬ್ಬಿಗಳ ಪಾಳಿ. ಗಿರಣಿಯ ಗೋಡೆಗೆ ಹತ್ತಿಕೊಂಡ ಮನೆಯಲ್ಲಿ ಜಹೀದಾ ಕಂಪ್ಯೂಟರಿನ ಮುಂದೆ ಕುಳಿತು, ಮೊರದಲ್ಲಿ ಕಡಲೆ ಹಸನು ಮಾಡುತ್ತ, ಮದುವೆಯ ವಿಡಿಯೋ ಡಿವಿಡಿಗೆ ರೈಟ್ ಆಗುವುದನ್ನು ಕಾಯುತ್ತಿದ್ದಳು.

ಒಂದೇ ಮದುವೆಯ ಮೂರನೆಯ ಡಿವಿಡಿ ಇದು. ಮದುವೆ ಕಾಶಿಬಾಯಿಯ ಮಗಳು ನಮ್ರತಾಳದು. ಮೊದಲು ಕಳಿಸಿದ ಎರಡೂ ರೋಣದಲ್ಲಿ, ನಮ್ರತಾಳ ಅತ್ತೆಯ ಮನೆಯಲ್ಲಿ, ಹತ್ತಲೇ ಇಲ್ಲ; ಚಿತ್ರವೇ ಮೂಡಲಿಲ್ಲ. ಬೀಗರು ಬೇಕಂತಲೇ ಕೆಟ್ಟದ್ದನ್ನು ಕಳಿಸುತ್ತಾರೆಂದು ಅತ್ತೆ ಸೊಸೆಯನ್ನು ದಿನಾ ಚುಚ್ಚುತ್ತಿದ್ದಳಂತೆ. ಜಹೀದಾಳಿಗೆ ಕಂಪ್ಯೂಟರ್ ಕಲಿಸಿದವಳೇ ನಮ್ರತಾ. ಆ ಋಣವನ್ನು ಹೀಗೆ ತೀರಿಸುವುದೇ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು.

ಎರಡನ್ನೂ ಮನೆಯಲ್ಲಿ ಹಚ್ಚಿ ನೋಡಿಯೇ ಕೊಟ್ಟಿದ್ದಳು. ಚಲೋ ಹತ್ತಿದ್ದವು. ಮತ್ತೇನು ಕಾರಣ? ಗಿರಣಿಯ ಮೋಟಾರು ಚಾಲೂ ಆದಾಗಲೆಲ್ಲ ಮನೆಯ ಬಲ್ಬು ಮಿಣುಕುತ್ತಿತ್ತು. ನಡುವೆ ಕರೆಂಟು ಕುಗ್ಗಿದರೆ ಡಿವಿಡಿ ಒಳಗೆಲ್ಲೋ ಹಾಳಾಗುತ್ತದೆಂದು ತಾನೇ ತೀರ್ಮಾನಿಸಿ, ಇವತ್ತು ಯಮನೂರಪ್ಪನ ಕೈಕಾಲು ಹಿಡಿದು ಗಿರಣಿ ನಿಲ್ಲಿಸಿದ್ದಳು.

"ಮುಗೀತೇನವಾ?" ಯಮನೂರಪ್ಪ ಗೋಡೆಯಾಚೆಯಿಂದ ಕೇಳಿದ. "ಇಲ್ಲಿ ಹೆಣ್ಮಕ್ಕಳು ನನ್ನ ಬೀಸಾಕ ಹತ್ಯಾರ."

"ಇನ್ನೊಂದೀಟ ತಡೀರಿ, ಕಾಕಾ."

"ಜೋಳ ತಡೀತಾವು. ಇವರ ಬಾಯಿ ತಡಿಯಂಗಿಲ್ಲ."

ಡಿವಿಡಿ ಹೊರಬಂತು. ಜಹೀದಾ ಮತ್ತೆ ಹಚ್ಚಿ ನೋಡಿದಳು. ಅಕ್ಷತೆಯವರೆಗೂ ಎಲ್ಲಿಯೂ ತಡವರಿಸಲಿಲ್ಲ. ಅಷ್ಟರಲ್ಲಿ ರೋಣದ ಬಸ್ಸಿಗೆ ಹೊರಟಿದ್ದ ಕಾಶಿಬಾಯಿ ಬಂದಳು. ಡಿವಿಡಿ ಇಸಿದುಕೊಂಡು, ಹೆಸರು ಬರೆದ ಮಗ್ಗಲನ್ನು ಕೆಳಗೆ ಮಾಡಿ ಅಂಗೈ ಮೇಲಿಟ್ಟುಕೊಂಡಳು. ಚೀಲದಿಂದ, ಎಣ್ಣೆಯಲ್ಲಿ ಕಲೆಸಿದ ಕುಂಕುಮದ ಡಬ್ಬಿ ತೆಗೆದು ಬೆರಳು ಅದ್ದಿದಳು.

ಜಹೀದಾ ಅವಳ ಮಣಿಕಟ್ಟು ಹಿಡಿದಳು. "ಏನ್ ಮಾಡಾಕತ್ತೀರಿ, ಮೌಶಿ?"

"ಬೀಗರ ಮನಿಗೆ ಹೋಗೂ ಸಾಮಾನು. ಕುಂಕುಮ ಹಚ್ಚದ ಕಳಸ್ತಾರೇನವಾ?"

"ಮೊದಲಿನ ಎರಡಕ್ಕೂ ಹಚ್ಚಿದ್ರಿ?"

"ಬಿಡ್ತೀನಿ? ಅರಿಷಿಣಾನೂ ಹಚ್ಚೀನಿ."

"ಈ ಮಗ್ಗಲಕ?"

"ಮತ್ತ? ಕನ್ನಡಿಯಂಗ ಹೊಳಿಯೋದು ಮಾರಿ. ಬೆನ್ನಿಗೆ ಯಾರರೆ ಕುಂಕುಮ ಹಚ್ತಾರ?"

ಜಹೀದಾಳಿಗೆ ನಗು ಬರಲಿಲ್ಲ. "ಮಷೀನು ಓದೂದ ಈ ಮಗ್ಗಲಾರಿ. ಕಣ್ಣಾಗ ಕುಂಕುಮ ತುಂಬಿ ನೋಡು ಅಂದ್ರ ಅದು ಹ್ಯಾಂಗ ನೋಡಬೇಕು?"

"ನೀನರೆ ಮೊದಲ ಹೇಳಬಾರದೇನ? ನನ್ನ ಮಗಳು ಇಷ್ಟು ಬೈಸಿಕೊಳ್ಳೂದು ತಪ್ಪತಿತ್ತು," ಎಂದು ಕಾಶಿಬಾಯಿ ಅವಳಿಗೇ ತಿರುಗಿಬಿದ್ದಳು.

ಜಹೀದಾ ಅವಳ ಅಂಗೈಯಿಂದ ಡಿವಿಡಿ ತೆಗೆದುಕೊಂಡಳು. ಡಿವಿಡಿಯನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ, ಮುಚ್ಚಳವನ್ನು ಮುಂದೆ ಹಿಡಿದಳು. "ಇದಕ್ಕ ಹಚ್ರಿ. ಮನಸ್ಸು ತುಂಬೂತನಾ ಹಚ್ರಿ."

ಮರುದಿನ ನಮ್ರತಾ ಫೋನು ಮಾಡಿದಳು. "ಹತ್ತೇತಿ ಜಹೀದಾ. ಈಗ ನಮ್ಮತ್ತಿ, ತಮ್ಮ ಮಾರಿ ಎರಡ ಸಲ ಅಷ್ಟ ಬಂದೇತಿ ಅಂತ ಸಿಟ್ಟಾಗ್ಯಾರ."

"ಅದಕ್ಕ ನನ್ನ ಕಡೆ ಔಷಧ ಇಲ್ಲವಾ," ಎಂದಳು ಜಹೀದಾ.

ಆಮೇಲೆ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದಳು. ಅದನ್ನು ಪಾಳಿಯಲ್ಲಿಟ್ಟು, ಕರೆಂಟಿನದು ಏನೂ ತಪ್ಪಿರಲಿಲ್ಲ, ಸುಮ್ಮನೆ ಗಿರಣಿ ನಿಲ್ಲಿಸಿದಂತಾಯಿತು ಎಂದು ಯಮನೂರಪ್ಪನಿಗೆ ಹೇಳಿದಳು. ಅವನು ಹಿಟ್ಟಿನ ಕೈ ಝಾಡಿಸಿ, ಅವಳ ಡಬ್ಬಿಯನ್ನೆತ್ತಿ ಬದಿಗೆ, ಗೋಡೆಯ ಮಗ್ಗಲಿಗೆ ಇಟ್ಟ.

"ನಿನ್ನೆ ಇವರು ಕಾದಾರ. ಇವತ್ತ ನೀ ಕಾಯಿ."

ಜಹೀದಾ ಡಬ್ಬಿಯ ಪಕ್ಕ ಕುಳಿತಳು. ಆಮೇಲೆ ಬಂದವರ ಡಬ್ಬಿಗಳೂ ಅವಳದ್ದಕ್ಕಿಂತ ಮುಂದೆಯೇ ಕುಂತವು. ಅವಳು ತನ್ನ ಡಬ್ಬಿಯನ್ನು ಗೋಡೆಗೆ ಇನ್ನಷ್ಟು ಒತ್ತರಿಸಿ ಅವರಿಗೆ ಜಾಗ ಮಾಡಿಕೊಟ್ಟಳು.